ಸತ್ತವರ ಮನೆಯಿಂದ ಬಂದ ಸ್ಟೂಲು

ನಾನು ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದ ಕೂಡಲೇ ಯಾರೋ ನನ್ನ ಕಾಲುಗಳನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಹುಟ್ಟಿದ ಗಳಿಗೆಯಿಂದಲೇ ಜನರಿಗೆ ನನ್ನ ಮೇಲೆ ಸಂಶಯ. ನನಗೂ ಜನರ ಮೇಲೆ ಅಷ್ಟೇ.

ಮೊದಲು ಒಂದು ಪಾನ್ ಅಂಗಡಿಯಲ್ಲಿದ್ದೆ. ಕಂಡವರ ಮನೆಯ ಸುದ್ದಿ ಆಡುವವರೇ ನನ್ನ ಮೇಲೆ ಕೂರುತ್ತಿದ್ದರು. ಅಂಗಡಿ ಮುಚ್ಚಿದಾಗ ನರ್ಸ್ ರೂತ್ ನನ್ನನ್ನು ಕೇಳಿ ಒಯ್ದಳು. ವಾಸಿಯಾಗದ ಕಾಯಿಲೆಯವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವುದು ಅವಳ ಕೆಲಸ. ಸದಾ ನಗುವವರನ್ನು ನಾನು ನಂಬುವುದಿಲ್ಲ, ಅವಳನ್ನೂ ನಂಬಲಿಲ್ಲ. ನನ್ನನ್ನು ಒಬ್ಬ ಮಾಸ್ತರರ ಮನೆಯಲ್ಲಿಟ್ಟಳು. ಅವರು ತೀರಿಕೊಂಡ ಮೇಲೆ ಹುಬ್ಬಳ್ಳಿಯ ಅದೇ ಓಣಿಯ ಕಸ್ತೂರೆವ್ವನ ಬಚ್ಚಲಿಗೆ ತಂದಳು.

ಕಸ್ತೂರೆವ್ವನಿಗೆ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ನೋವಿಗೆ ಗುಳಿಗೆ ಇತ್ತು. ಮಲಗಿ ಎದ್ದರೂ ಹೋಗದ ಆ ದಣಿವಿಗೆ ಇರಲಿಲ್ಲ. ಸಂಜೆ ಗಂಡ ಶಂಕ್ರೆಪ್ಪನ ಜೊತೆ ಚೌಕಾಬಾರ ಆಡಬೇಕು, ಅದೊಂದೇ ಅವಳಿಗೆ ಉಳಿದಿದ್ದ ಆಸೆ. ಆದರೆ ಸಂಜೆಗೆ ಕವಡೆ ಎಸೆಯುವಷ್ಟೂ ತ್ರಾಣ ಇರುತ್ತಿರಲಿಲ್ಲ.

“ಯವ್ವಾ, ನಳಾ ಎಂಟ ದಿನಕ್ಕೊಮ್ಮೆ ಬರ್ತದ. ಬಂದ ನೀರೆಲ್ಲಾ ಅಂಗಳಕ್ಕ ಸುರುವಿದ್ರ ಕುಡ್ಯಾಕ ಏನ ಉಳೀತದ?” ಎಂದಳು ರೂತ್. “ಶಕ್ತಿನೂ ಹಂಗ. ಕುಂತ ಜಳಕಾ ಮಾಡ್ರಿ, ಮಧ್ಯಾಹ್ನ ಅಡ್ಡಾಗ್ರಿ. ಉಳಿಸಿದ್ದು ಸಂಜಿ ಆಟಕ್ಕ.”

ಬಾಗಿಲಲ್ಲಿ ನಿಂತಿದ್ದ ಶಂಕ್ರೆಪ್ಪ ನನ್ನನ್ನೇ ದುರುಗುಟ್ಟಿ ನೋಡಿದ. “ಆ ಮಾಸ್ತರ ಮನ್ಯಾಂದಲ್ಲ ಇದು?”

ರೂತ್ ಅತ್ತ ಹೋದದ್ದೇ ತಡ, ನನ್ನನ್ನು ಅಟ್ಟಕ್ಕೆ ಎಸೆದ. ಸತ್ತವರ ಮನೆಯ ಸಾಮಾನಿನ ಹಿಂದೆ ಸಾವೂ ಬರುತ್ತದೆಂಬ ಭಯ ಅವನಿಗೆ. ಕೂತಷ್ಟೂ ಮೈ ಜಡವಾಗುತ್ತದೆಂಬ ನಂಬಿಕೆ ಬೇರೆ. ಹೆಂಡತಿಯನ್ನು ನಿಲ್ಲಿಸಿಯೇ ಜಳಕ ಮಾಡಿಸಿದ, ಓಣಿಯ ತುದಿಯವರೆಗೆ ನಡೆಸಿದ, ನೋಡಲು ಬಂದವರ ಮುಂದೆಲ್ಲ ಎಬ್ಬಿಸಿ ಕೂರಿಸಿದ. ಸಂಜೆ ಕವಡೆ ಅಂಗೈಯಲ್ಲಿದ್ದಂತೆಯೇ ದಣಿವಿಗೆ ಅವಳ ಕಣ್ಣುಗಳು ಮುಚ್ಚಿಕೊಂಡವು.

“ನನ್ನ ಜೋಡಿ ಆಡಾಕ ಮನಸಿಲ್ಲೇನ?” ಎಂದ ಅವನು, ಅನುಮಾನದಿಂದ.

“ಮನಸ ಅದ. ಇದ್ದಷ್ಟೂ ಶಕ್ತಿ ನೀವ ಮುಂಜಾನಿಗೇ ಖರ್ಚ ಮಾಡಿಸಿದ್ರಿ.”

ಮರುದಿನ ಅವನೇ ನನ್ನನ್ನು ಅಟ್ಟದಿಂದ ಇಳಿಸಿದ. ಇಳಿಸಿ ಅರಿಶಿನ ನೀರಿನಲ್ಲಿ ತೊಳೆದ. ಹುಟ್ಟುಗುಣ ಸುಟ್ಟರೂ ಹೋಗದು! ಅಂದಿನಿಂದ ಅವಳು ಕೂತು ಜಳಕ ಮಾಡಿದಳು, ಅವನು ನೀರು ಹಾಕಿದ. ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ. ಸಂಜೆ ಅವಳಿಗೆ ಬಗ್ಗುವ ಕಷ್ಟ ಬೇಡವೆಂದು ನನ್ನ ಮೇಲೇ ಆಟದ ಮಣೆ ಇಟ್ಟ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಒಂದು ಸಂಜೆ ಅವಳು ಆಟ ನಿಲ್ಲಿಸಿದಳು. “ನನ್ನ ಕಾಯಿ ಯಾಕ ಹೊಡೀಲಿಲ್ರಿ?”

“ಕಾಣ್ಲಿಲ್ಲ.”

“ಸುಳ್ಳ. ಸಾಯಾಕತ್ತಾಳಂತ ಬಿಟ್ರಿ. ನಾ ಇನ್ನೂ ಅದೀನಿ. ಹೊಡೀರಿ.”

ಅವನು ಹೊಡೆದ. ಅವಳು ಸೋತಳು, ಸೋತು ಮನಸಾರೆ ನಕ್ಕಳು. ಅದೇ ವಾರ ತೀರಿಕೊಂಡಳು.

ಈಗ ನನ್ನ ಒಂದು ಕಾಲು ಸೀಳಿದೆ, ತಂತಿ ಸುತ್ತಿದ್ದಾರೆ. ರೂತ್ ಹೇಳಿದ ಈ ಹೊಸ ಮನೆಗೆ ನನ್ನನ್ನು ಹೊತ್ತು ತಂದವನು ಶಂಕ್ರೆಪ್ಪನೇ. ಇಲ್ಲಿಯ ಯಜಮಾನ ನನ್ನ ಕಾಲುಗಳನ್ನು ಅಲ್ಲಾಡಿಸಿ, “ಯಾರ ಮನ್ಯಾಂದು ಇದು?” ಎಂದು ಕೇಳಿದ.

“ನಮ್ಮನ್ಯಾಂದು,” ಎಂದ ಶಂಕ್ರೆಪ್ಪ. “ನಮ್ಮಾಕಿ ಇದರ ಮ್ಯಾಲ ಕುಂತ ಜಳಕಾ ಮಾಡಿ, ಸಂಜಿಗೆ ನನ್ನ ಜೋಡಿ ಆಡತಿದ್ಲು.”

ಯಜಮಾನನ ಕಣ್ಣು ಈಗಾಗಲೇ ಅಟ್ಟದ ಕಡೆ ಹೋಗಿದೆ. ಸಂಶಯಪಡಲಿ, ಬೇಕಾದರೆ ಅರಿಶಿನ ನೀರಿನಲ್ಲಿ ತೊಳೆಯಲಿ. ಅಟ್ಟಕ್ಕೆ ಮಾತ್ರ ಎಸೆಯದಿರಲಿ. ಒಳಗೆ ಮಲಗಿರುವವರಿಗೂ ಒಂದು ಸಂಜೆ ಬೇಕಾಗಿದೆ.