ಬರಿಹೊಟ್ಟೆಯ ಪರೀಕ್ಷೆ

ಬರಿಹೊಟ್ಟೆಯಲ್ಲಿ ಯಾರನ್ನೂ ಹೊಸಿಲು ದಾಟಿಸಿದ ಚರಿತ್ರೆ ಹೆಡತಲೆ ಊರಿನ ಪುಟ್ಟಬಸಮ್ಮನ ಮನೆಯಲ್ಲೇ ಇಲ್ಲ. ಡಾಕ್ಟರು ಹೇಳಿದರೂ ಅಷ್ಟೆ, ಆ ನಂಜುಂಡನೇ ಬಂದು ಹೇಳಿದರೂ ಅಷ್ಟೆ. ಗಂಡ ದೊಡ್ಡಸಿದ್ದಯ್ಯನ ಲಿವರಿನಲ್ಲಿ ಕೊಬ್ಬು ಸೇರಿತ್ತು. ಲಿವರೇ ಗಟ್ಟಿಯಾಗಿದ್ದರೆ ಕಷ್ಟ, ಸ್ಕ್ಯಾನ್ ಮಾಡಿಸಿ, ಮೂರು ಗಂಟೆ ಮುಂಚಿನಿಂದ ಏನೂ ತಿನ್ನಬೇಡಿ ಎಂದಿದ್ದರು ಡಾಕ್ಟರು. ಹೊರಡುವ ಹೊತ್ತಿಗೆ ಸರಿಯಾಗಿ ಪುಟ್ಟಬಸಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಂದಿಟ್ಟಳು.

"ಎರಡೇ ಕಣ್ರೀ, ಯಾರ್ಗ್ ಗೊತ್ತಾದದು?"

ಎರಡು ನಾಲ್ಕಾದವು. ಆತ ಅಷ್ಟನ್ನೂ ತಿಂದ.

ನಂಜನಗೂಡಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಗಾನವಿ ಎಂಬ ಹುಡುಗಿ ಆತನ ಪಕ್ಕೆಗೆ ಜೆಲ್ ಹಚ್ಚಿ ಯಂತ್ರದ ತುದಿಯನ್ನು ಒತ್ತಿ ಹಿಡಿದಳು. ಅದು ಟಕ್ ಟಕ್ ಎಂದು ತಟ್ಟಿತು.

"ಅಲಸಿನಣ್ಣು ತಟ್ಟಿ ನೋಡ್ದಂಗದಲ್ಲವ್ವ!" ಎಂದಳು ಪುಟ್ಟಬಸಮ್ಮ.

"ಹಾಗೇ ಅಜ್ಜಿ. ತಟ್ಟಿದ್ರೆ ಒಳಗೊಂದು ಅಲೆ ಹೋಗುತ್ತೆ. ಮೆತ್ತಗಿದ್ರೆ ನಿಧಾನ, ಗಟ್ಟಿಯಿದ್ರೆ ಓಟ. ಆ ವೇಗ ಅಳೀತೀವಿ."

ಅಲೆ ಓಡಿತು. ಗಾನವಿಯ ಮುಖ ಸಪ್ಪಗಾಯಿತು. "ಗಟ್ಟಿ ಅಂತ ಬರ್ತಿದೆ ತಾತ. ಏನಾದ್ರೂ ತಿಂದು ಬಂದ್ರಾ? ಉಂಡಿದ್ರೆ ಲಿವರಿಗೆ ರಕ್ತ ಜಾಸ್ತಿ ಹರಿದು ಹೀಗೇ ತೋರಿಸುತ್ತೆ."

"ಇಲ್ಲ ಕಣವ್ವ, ನೀರೂ ಕುಡ್ದಿಲ್ಲ."

ಪುಟ್ಟಬಸಮ್ಮ ಗಂಡನತ್ತ ತಿರುಗಿ ನೋಡಿದಳು. ಸಂತೆಯಲ್ಲೂ ಸುಳ್ಳಾಡದ ಮನುಷ್ಯ! ನಾಲ್ಕು ಜನರ ಮುಂದೆ ಹೆಂಡತಿ ಬೈಸಿಕೊಳ್ಳಬಾರದೆಂದು, ಇದ್ದದ್ದೋ ಇಲ್ಲದ್ದೋ ಒಂದು ಕಾಯಿಲೆಯನ್ನೇ ಹೊತ್ತುಕೊಂಡು ತಾರಸಿ ನೋಡುತ್ತ ಮಲಗಿದ್ದಾನೆ. ಅವಳಿಗೆ ಆತನ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿ ಬಂತು.

"ತಿಂದವ್ರೆ ಕಣವ್ವ! ನಾಕು ರೊಟ್ಟಿ. ನಾನೇ ತಿನ್ನುಸ್ದೆ. ಬೈಯದಾದ್ರೆ ನನ್ನ ಬೈಯಿ."

ಗಾನವಿ ಬೈಯಲಿಲ್ಲ, ಮಧ್ಯಾಹ್ನ ಮತ್ತೆ ನೋಡೋಣವೆಂದಳು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಎದುರು ಹೋಟೆಲಿನಿಂದ ಒಗ್ಗರಣೆ ವಾಸನೆ ತೇಲಿ ಬರುತ್ತಿತ್ತು. ಖಾಲಿ ಹೊಟ್ಟೆಯಲ್ಲೂ ಗಟ್ಟಿ ಎಂದೇ ಬಂದರೆ? ಪುಟ್ಟಬಸಮ್ಮ ಜನ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಗಂಡನ ಕೈ ಹಿಡಿದುಕೊಂಡಳು.

"ಯಾಕ್ರೀ ಸುಳ್ಳೇಳುದ್ರಿ?"

"ನಿನ್ನ ಯಾರಾದ್ರೂ ಅಂದ್ರೆ ನಂಗೆ ತಡ್ಕಳಕ್ಕಾಗಕಿಲ್ಲ ಕಣೆ."

ಎರಡನೇ ಸಲ ಅಲೆ ನಿಧಾನವಾಗಿ ಹೋಯಿತು. "ಮೆತ್ತಗಿದೆ ತಾತ! ಕೊಬ್ಬು ಕರಗಿಸೋದು ಹೇಗೆ ಅಂತ ಡಾಕ್ಟರ್ ಹೇಳ್ತಾರೆ," ಎಂದು ಗಾನವಿ ನಕ್ಕಳು.

ದೊಡ್ಡಸಿದ್ದಯ್ಯ ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದ. "ಕೇಳುಸ್ಕಂಡ್ಯಾ? ಗಟ್ಟಿಯಾಗಿದ್ದುದ್ದು ನಿನ್ ರೊಟ್ಟಿ."

ಪುಟ್ಟಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ರೊಟ್ಟಿಯೊಂದನ್ನು ತೆಗೆದಳು. "ತಿಂದು ಆಮೇಲ್ ಯೋಳಿ."

ಆತ ಅದನ್ನು ಅರ್ಧ ಮುರಿದು ಮೊದಲು ಅವಳ ಕೈಗಿಟ್ಟ. ತನಗೆ ತಿನ್ನಿಸುವ ಭರದಲ್ಲಿ ಆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊಸಿಲು ದಾಟಿದವಳು ಅವಳೇ ಎಂಬುದು ಆತನಿಗೆ ಗೊತ್ತಿತ್ತು.