ಪೂಜೆಗಿಟ್ಟ ಪಾನಾ

ಮಡಗಾರ್ಡಿನ ಮೇಲಿಟ್ಟ ಬನ್ನಿ ಎಲೆಗಳು ನಡುಗುತ್ತಿದ್ದವು. ಈಗಷ್ಟೇ ಕಾಲು ಮುಟ್ಟಿ "ಬಂಗಾರ ತಗೋ ಅಣ್ಣಾ" ಎಂದು ಅವನ್ನು ಕೊಟ್ಟವನು ಮಡಿವಾಳೆಪ್ಪನ ಕಾಕಾನ ಮಗ ಈರಪ್ಪ. ಕೈಗೆ ಎಣ್ಣೆ ಹತ್ತಿದ್ದರಿಂದ ಅವನು ಅಲ್ಲಿಟ್ಟಿದ್ದ. ನಿಂತಲ್ಲೇ ಚಾಲೂ ಇಟ್ಟರೆ ಸಾಕು, ಅಂಬಾಸಿಡರ್ ಜ್ವರ ಬಂದವರಂತೆ ನಡುಗುತ್ತಿತ್ತು.

"ಇಂಜಿನ್ ಕತಿ ಮುಗೀತಣ್ಣಾ," ಈರಪ್ಪ ಅಂದ. "ನಾಳೆ ನನ್ನ ಹೆಂಡತಿ ಅಣ್ಣ ಕಾರ್ ತಗೊಳ್ಳಾಕ ಸಂಶಿಯಿಂದ ಬರ್ತಾನ. ಬಂದಷ್ಟಕ್ಕ ಕೊಟ್ಟು ಕೈ ತೊಳಕೋ."

"ನಿನ್ನೆ ಮುಂಜಾನಿ ಚಲೋ ಇತ್ತಲ್ಲೋ."

ಮೊರಬದಲ್ಲಿ ಬಾಡಿಗೆಗೆ ಸಿಗುವ ಕಾರು ಅದೊಂದೇ. ಅದು ಮಡಿವಾಳೆಪ್ಪನದು; ಅವನಿಗೆ ಬೇರೆ ಕಸುಬೂ ಇರಲಿಲ್ಲ. ಅವನೂ ಈರಪ್ಪನೂ ಪಾಳಿಯ ಮೇಲೆ ಓಡಿಸುತ್ತಿದ್ದರು.

ಬನ್ನಿ ಕೊಡಲು ಬಂದಿದ್ದ ಮೆಕ್ಯಾನಿಕ್ ದಾವೂದಸಾಬ ತೋಳು ಮಡಚಿದ. "ಜೀವ ಹೋಗೂಕಿಂತ ಮೊದಲ ಹೆಣಾ ಹೊರಾಕ ನಿಂತೀಯಲ್ಲೋ ಈರಪ್ಪಾ!"

ಒಣ ಬಟ್ಟೆ ಹಿಡಿದು ಪ್ಲಗ್ಗಿನ ವಾಯರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದ. ಮೊದಲನೆಯದನ್ನು ಕಿತ್ತಾಗ ಇಂಜಿನ್ ಮುಗ್ಗರಿಸಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಮಾತ್ರ ಕಿತ್ತರೂ ಅದೇ ನಡುಕ, ಹಚ್ಚಿದರೂ ಅದೇ.

"ಇದೊಂದು ಮಲಗೇತಿ ನೋಡ್ರಿ. ಪ್ಲಗ್ ಪಾನಾ ಕೊಡ್ರಿ."

"ಪೂಜಿಗೆ ಇಟ್ಟೇನಿ, ಇನ್ನೂ ಎತ್ತಿಲ್ಲ."

ನಿನ್ನೆ ಮಹಾನವಮಿಯ ಖಂಡೇಪೂಜೆಗೆ ನಟ್ಟು ಬಿಚ್ಚುವ ಪಾನಾ, ಸುತ್ತಿಗೆಗಳಿಗೆಲ್ಲ ಮಡಿವಾಳೆಪ್ಪನೇ ಕುಂಕುಮ ಹಚ್ಚಿದ್ದ. ಇವತ್ತು ಬನ್ನಿ ಹಂಚಿ ಮುಗಿಯುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ರಾತ್ರಿ ಅವುಗಳ ಬಾಜು ಮಲಗಿದ್ದವನು ಈರಪ್ಪ.

ದಾವೂದಸಾಬ ಸೈಕಲ್ಲಿನ ಚೀಲದಿಂದ ತನ್ನದೇ ಪಾನಾ ತಂದ. ಇಂಜಿನ್ ಬಂದ್ ಮಾಡಿ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದ. ಕಿಡಿ ಹಾರಬೇಕಾದ ಸಂದು ಪೂರ್ತಿ ಮುಚ್ಚಿತ್ತು.

"ಇದು ತಾನಾಗಿ ಮುಚ್ಚಿದ್ದಲ್ಲರಿ, ಬಡದು..." ಮಾತು ಅಲ್ಲಿಗೇ ನಿಲ್ಲಿಸಿ ಅದನ್ನು ಮಡಿವಾಳೆಪ್ಪನ ಅಂಗೈಗೆ ಇಟ್ಟ. ಪ್ಲಗ್ಗಿನ ಮೇಲೆ ಪಾನಾ ಹಿಡಿಯುವ ಮೂಲೆಗಳಲ್ಲಿ ಕುಂಕುಮ ಮೆತ್ತಿತ್ತು.

ಮಡಿವಾಳೆಪ್ಪ ಕುಂಕುಮವನ್ನು ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ ತಮ್ಮನ ಕಡೆ ತಿರುಗಿದ.

"ಕೇಳಿದ್ರ ಕಾರೇ ಕೊಡ್ತಿದ್ನಲ್ಲೋ."

ಈರಪ್ಪ ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಅವ್ವಗ ಇನ್ನೂ ಬನ್ನಿ ಕೊಟ್ಟಿಲ್ಲ. ಬರ್ತೀನಿ."

"ನಿನ್ನ ಕಡೆ ಇರೋ ಕಾರಿನ ಕೀಲಿ ಇಟ್ಟು ಹೋಗು."

ಈರಪ್ಪ ಸೊಂಟದಿಂದ ಕೀಲಿ ಬಿಚ್ಚಿ ಎಲೆಗಳ ಬಾಜು ಇಟ್ಟು ಓಣಿಗೆ ಇಳಿದ.

ದಾವೂದಸಾಬ ಚೂರಿಯ ತುದಿಯಿಂದ ಸಂದು ಬಿಡಿಸಿ ಪ್ಲಗ್ಗು ಕೂಡಿಸಿದ. ಕಾರು ಮತ್ತೆ ಚಾಲೂ ಆಯಿತು. ಮಡಗಾರ್ಡಿನ ಮೇಲೆ ಕೀಲಿ, ಬನ್ನಿ ಎಲೆ ಎರಡೂ ಅಲುಗದೆ ಬಿದ್ದಿದ್ದವು.