ಬೀದಿಯ ಡಿಸ್ಕಿನಲ್ಲಿ ತಂಗಿಯ ಎದೆ

ನಮ್ಮ ಲುಯಾನೋ ಬೀದಿಯ ಹನ್ನೊಂದು ಮನೆಗೂ ಸೇರಿ ಇದ್ದದ್ದು ಒಂದೇ ದೊಡ್ಡ ಡಿಸ್ಕು, ಓಸ್ನಿಯೆಲ್‌ನ ಮನೆಯಲ್ಲಿ. ತಾರಸಿಯಿಂದ ತಾರಸಿಗೆ, ಬಟ್ಟೆ ಒಣಹಾಕುವ ಹಗ್ಗದ ಜೊತೆಗೇ ಎಳೆದ ತಂತಿಯಲ್ಲಿ ಅದು ಎಲ್ಲರ ಕಂಪ್ಯೂಟರಿಗೂ ತೆರೆದುಕೊಳ್ಳುತ್ತಿತ್ತು. ನನ್ನದರಲ್ಲಿ ಜಾಗ ಸಾಲದೆ, ತಂಗಿ ಮಿಗ್ದಾಲಿಯಾಳ ಹೃದಯದ ಸ್ಕ್ಯಾನನ್ನು ಅಲ್ಲೇ ಇಟ್ಟಿದ್ದೆ.

ಅವತ್ತು ಮೂರೂ ಕಾಲಿಗೆ ಆಸ್ಪತ್ರೆಯಿಂದ ಅವಳ ಫೋನು ಬಂತು.

"ಅಕ್ಕಾ, ಸಾಂತಿಯಾಗೋದಿಂದ ಬಂದಿರೋ ಡಾಕ್ಟ್ರು ಐದರ ಬಸ್ಸಿಗೆ ವಾಪಸ್ ಹೊರಡ್ತಾರಂತೆ. ಸ್ಕ್ಯಾನ್ ನೋಡ್ದೆ ಆಪರೇಷನ್ನಿಗೆ ಹೆಸರು ಬರೆಯಲ್ವಂತೆ. ಮತ್ತೆ ಬರೋದು ಆರು ತಿಂಗಳಿಗೆ."

ಆರು ತಿಂಗಳು ಅವಳ ಎದೆ ಕಾಯುವಂತಿರಲಿಲ್ಲ. ನಾಲ್ಕಕ್ಕೆ ಸರದಿಯಂತೆ ನಮ್ಮ ಬೀದಿಯ ಕರೆಂಟು ಹೋಗುತ್ತದೆ. ಓಸ್ನಿಯೆಲ್ ಮನೆಗೆ ಬೀಗ ಹಾಕಿ ಮತಾನ್ಸಾಸ್ ಊರಿಗೆ ಹೋಗಿದ್ದ. ಪೆನ್‌ಡ್ರೈವ್ ಸಿಕ್ಕಿಸಿ ಸ್ಕ್ಯಾನನ್ನು ಎಳೆಯತೊಡಗಿದೆ. ಐದು ನಿಮಿಷ ಕಳೆದರೂ ನೂರರಲ್ಲಿ ಮೂರು ಪಾಲು ಬಂದಿತ್ತು ಅಷ್ಟೆ. ಬೀದಿಯೆಲ್ಲ ಅದೇ ಡಿಸ್ಕಿನಿಂದ ಹೊಸ ಧಾರಾವಾಹಿ ಎಳೆಯುತ್ತಿತ್ತು.

ತಾರಸಿ ಹತ್ತಿ ಕೂಗಿದೆ. "ಧಾರಾವಾಹಿ ನಿಲ್ಲಿಸ್ರೇ! ಮಿಗ್ದಾಲಿಯಾ ಸ್ಕ್ಯಾನು ನಾಲ್ಕರೊಳಗೆ ಬರ್ಬೇಕು!"

"ಮದುವೆ ಕಂತು, ಅಜ್ಜಿ!" ಎಂದಳು ಪಕ್ಕದ ತಾರಸಿಯ ಯಾನೆಲಿಸ್.

"ಆ ಮದುವೆ ಮುರಿದುಬೀಳುತ್ತೆ, ನಿಲ್ಲಿಸೇ!"

ನಿಲ್ಲಿಸಿದರು. ಇಪ್ಪತ್ತು, ಮೂವತ್ತೈದು, ಐವತ್ತು. ಆಮೇಲೆ ಅಂಕಿ ಮತ್ತೆ ತೆವಳತೊಡಗಿತು. ಏದುಸಿರು ಬಿಡುತ್ತ ಮೇಲೆ ಹತ್ತಿದರೆ ಯಾನೆಲಿಸ್ ನಗುತ್ತ ನಿಂತಿದ್ದಾಳೆ.

"ಹೆದರ್ಬೇಡಿ ಅಜ್ಜಿ, ಎಲ್ಲಾ ಮನೆಗೂ ಹೇಳಿದ್ದೀನಿ. ಸ್ಕ್ಯಾನ್ ಕಳೆದುಹೋಗ್ಬಾರ್ದು ಅಂತ ಒಬ್ಬೊಬ್ರೂ ಒಂದೊಂದು ಕಾಪಿ ಇಳಿಸ್ಕೊಳ್ತಿದ್ದಾರೆ."

ನಮ್ಮ ಬೀದಿಯ ಬುದ್ಧಿಯೇ ಅದು. ಒಂದು ಮನೆಯಲ್ಲಿದ್ದದ್ದು ಹೋಗುತ್ತದೆ, ಹತ್ತು ಮನೆಯಲ್ಲಿದ್ದದ್ದು ಉಳಿಯುತ್ತದೆ.

"ನಿಮ್ಮ ಉಪಕಾರಕ್ಕಿಷ್ಟು ಬೆಂಕಿ ಹಾಕ! ಎಲ್ಲಾರೂ ಎಳೆದ್ರೆ ನನಗೇನೇ ಬರುತ್ತೆ? ಬಿಡಿ, ಬಿಡಿ!"

ಬಿಟ್ಟರು, ರೆಯ್ನೇರಿಯೋ ಒಬ್ಬನನ್ನು ಬಿಟ್ಟು. ಅವನ ಮನೆ ಓಸ್ನಿಯೆಲ್‌ನ ಗೋಡೆಗೆ ಅಂಟಿಕೊಂಡಿದೆ. ಅವನಿಗೆ ಬೇಗ ಇಳಿಯುತ್ತದೆ, ನನ್ನ ತಂತಿ ನಾಲ್ಕು ಮನೆ ಸುತ್ತಿ ಬರುತ್ತದೆ. ನೀರಿನ ತೊಟ್ಟಿಯ ಜಗಳವಾಗಿ ಎರಡು ವರ್ಷದಿಂದ ನನ್ನ ಹತ್ತಿರ ಮಾತಾಡದ ಮುದುಕ ಅವನು. ಬಾಗಿಲು ಬಡಿದೆ, ಬಡಿದೆ. ತೆರೆಯಲಿಲ್ಲ.

ಮನೆಗೆ ಓಡಿಬಂದೆ. ಎಪ್ಪತ್ತು. ಎಂಬತ್ತೆರಡು. ಎಂಬತ್ತೊಂಬತ್ತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ನೆಲದ ಮೇಲೇ ಕುಸಿದು ಕುಳಿತೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ರೆಯ್ನೇರಿಯೋ. ಬಿಸಿ ತಪ್ಪಲೆ ಹಿಡಿದಂತೆ ಎರಡೂ ಅಂಗೈ ಮೇಲೆ ತೆರೆದ ಲ್ಯಾಪ್‌ಟಾಪು.

"ಹಂಗೆ ಬಡೀತೀಯಲ್ಲ, ಬಾಗಿಲು ನಿಮ್ಮಪ್ಪ ಮಾಡಿಸಿದ್ದಾ? ತಗೋ, ಪೂರಾ ಬಂದಿದೆ."

"ನಾನು ಬೇಡ ಅಂತ ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನಿನ್ನ ಮಾತು ನಾನು ಯಾವತ್ತು ಕೇಳಿದ್ದೀನಿ? ಇದಕ್ಕೆ ಪೆನ್‌ಡ್ರೈವ್ ಹತ್ತಲ್ಲ. ಮುಚ್ಚಿದ್ರೆ ಮತ್ತೆ ಏಳಲ್ಲ. ಬ್ಯಾಟರಿ ನಲವತ್ತು ನಿಮಿಷ. ಏಳು, ನಡಿ."

ಸುಡುಬಿಸಿಲಲ್ಲಿ ಅವನು ಲ್ಯಾಪ್‌ಟಾಪು ಹೊತ್ತು ನಡೆದ. ನಾನು ಅದರ ಮೇಲೆ ಕೊಡೆ ಹಿಡಿದೆ. ಹೆಗಲಿಗೆ ಚೀಲ ಏರಿಸಿಕೊಂಡಿದ್ದ ಡಾಕ್ಟರು ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ನೋಡಿದರು. ಮತ್ತೊಮ್ಮೆ ನೋಡಿದರು. ಪರದೆಯ ಮೂಲೆಯಲ್ಲಿ ಬ್ಯಾಟರಿ ಕೆಂಪಗೆ ಮಿಟುಕುತ್ತಿತ್ತು. ಅವರು ಚೀಲ ಕೆಳಗಿಟ್ಟು ಪೆನ್ನು ತೆಗೆದರು.

"ಪೂರ್ತಿ ಹೆಸರು ಹೇಳಿ. ಹನ್ನೆರಡನೇ ತಾರೀಕು ಸಾಂತಿಯಾಗೋದಲ್ಲಿ ಮಾಡೋಣ."

ಅಲ್ಲೇ ಕಾಯುತ್ತಿದ್ದ ತಂಗಿ ತನ್ನ ಹೆಸರು ಹೇಳುವಷ್ಟರಲ್ಲಿ ಲ್ಯಾಪ್‌ಟಾಪು ಆರಿಹೋಯಿತು. ರೆಯ್ನೇರಿಯೋ ಅದನ್ನು ಮೆಲ್ಲಗೆ ಮುಚ್ಚಿದ.

"ಜಾಗ ಸಾಲದೆ ನನ್ನ ಧಾರಾವಾಹಿ ಅಳಿಸ್ದೆ," ಎಂದ ನನ್ನ ಕಡೆ ನೋಡದೆ. "ಆ ಮದುವೆ ನಿಜವಾಗ್ಲೂ ಮುರಿಯುತ್ತಾ?"